ಖಾಲಿ ಬಕೆಟ್ಟಿನ ಸರದಿ

ಜುಲೈ 14, ಸೋಮವಾರ. ತಿರುವನಂತಪುರ

ವಿಶ್ವವಿದ್ಯಾನಿಲಯದ ಮಹಿಳಾ ಹಾಸ್ಟೆಲಿನ ಗೇಟಿನಲ್ಲಿಯೇ ನನ್ನನ್ನು ತಡೆದರು. "ಪೋಷಕರು ಇಲ್ಲಿಯವರೆಗೆ ಮಾತ್ರ ಅಮ್ಮಾ. ಮಗಳನ್ನು ಒಳಗೆ ಕಳಿಸಿ ಆ ಬೆಂಚಿನಲ್ಲಿ ಕೂತುಕೊಳ್ಳಿ" ಎಂದಳು ಕಾವಲಿನ ಹೆಂಗಸು. ಮಗಳು ಬಂದಿಲ್ಲ, ಒಳಗೆ ಹೋಗಬೇಕಾದವಳು ನಾನೇ ಎಂದು ಗುರುತಿನ ಚೀಟಿ ತೋರಿಸಿದೆ. ಅದರಲ್ಲಿದ್ದ ಚಿತ್ರವನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದವಳು, ಕೊನೆಗೆ ನನ್ನ ಟ್ರಂಕನ್ನು ತಾನೇ ಎತ್ತಿಕೊಂಡು ಮೆಟ್ಟಿಲೇರಿದಳು. ಅದು ಗೌರವವೋ ಕನಿಕರವೋ ತಿಳಿಯಲಿಲ್ಲ.

ಅರವತ್ತೊಂದನೆಯ ವಯಸ್ಸಿನಲ್ಲಿ ಇತಿಹಾಸದ ಎಂ.ಎ. ತರಗತಿಗೆ ಸೇರಿದ್ದೇನೆ. ಕಾಸರಗೋಡು ಕಡೆಯ ಬದಿಯಡ್ಕದ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಬಾಳಿನ ಬಹುಪಾಲು ಸಮಾಜ ವಿಜ್ಞಾನ ಕಲಿಸಿದವಳು ನಾನು. ಮದುವೆ, ಮಗಳು, ಕೆಲಸ, ಪತಿಯ ಕಾಯಿಲೆ ಎಂದು ಮುಂದೂಡುತ್ತಲೇ ಬಂದ ಓದು ಇದು. ಕೊಚ್ಚಿಯಲ್ಲಿರುವ ಮಗಳು ಭವಾನಿ, "ದೂರಶಿಕ್ಷಣದಲ್ಲಿ ಮಾಡಮ್ಮ. ನಮ್ಮಲ್ಲೇ ಇದ್ದು ಓದು, ನಿನಗೊಂದು ರೂಮು ಬಿಟ್ಟಿದ್ದೇವೆ" ಎಂದು ಗೋಗರೆದಳು. ತರಗತಿಯ ಬೆಂಚಿನ ಮೇಲೆ ಕುಳಿತು ಓದದ ಓದು ಓದೇ ಅಲ್ಲವೆಂಬುದು ನನ್ನ ಮತ. ಕೊನೆಗೊಂದು ಒಪ್ಪಂದವಾಯಿತು: ದೀಪಾವಳಿಯವರೆಗೆ ನೋಡುವುದು, ಆಗದಿದ್ದರೆ ಓದು ಬಿಟ್ಟು ಕೊಚ್ಚಿಗೆ ಹೋಗಿಬಿಡುವುದು.

ಆಗದಿರುವ ಪ್ರಶ್ನೆಯೇ ಇಲ್ಲ.

ಜುಲೈ 17, ಗುರುವಾರ

ಕೊಠಡಿಯಲ್ಲಿ ನನ್ನೊಂದಿಗಿರುವವಳು ದಿಶಾ, ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಪೆರ್ಲದ ಹುಡುಗಿ, ನನ್ನ ಊರಿನಿಂದ ದೂರವೇನಲ್ಲ. ಕನ್ನಡ ಮಾತನಾಡುವವಳು ಸಿಕ್ಕಿದಳೆಂಬ ಸಂತೋಷ ಅವಳ ಮಂಚ ನೋಡುವವರೆಗೆ ಮಾತ್ರ ಇತ್ತು. ಒದ್ದೆ ಟವೆಲು, ಒಣಗಿದ ಎಲೆಗಳು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಎಲ್ಲವೂ ಅಲ್ಲಿಯೇ. ಇವುಗಳ ನಡುವೆ ಆಕೆ ನಿದ್ರಿಸುವುದೆಲ್ಲಿ ಎಂಬುದು ಸಂಶೋಧನೆಗೆ ಅರ್ಹವಾದ ವಿಷಯ.

ಏಳುವುದು, ಗುಡಿಸುವುದು, ಓದುವುದು, ದೀಪ ಆರಿಸುವುದು, ಎಲ್ಲಕ್ಕೂ ವೇಳಾಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿದೆ. ದಿಶಾ ಅದರ ಮುಂದೆ ಕೈಕಟ್ಟಿ ನಿಂತು ಓದಿದಳು. "ಎಂತ ಟೀಚರ್, ನಗ್ಲಿಕ್ಕೆ ಟೈಮು ಇಡ್ಲೇ ಇಲ್ವಲ್ಲ ನೀವು?"

ಸಂಜೆ ವಾರ್ಡನ್ ಲತಿಕಾ ಅವರನ್ನು ಕಂಡು, ನನಗೆ ಒಂಟಿ ಕೊಠಡಿ ಬೇಕೆಂದು ಕೇಳಿದೆ. ಹೊಸ ಬ್ಲಾಕಿನಲ್ಲಿ ಖಾಲಿಯಾದಾಗ ಮೊದಲು ನನಗೇ ಕೊಡುವುದಾಗಿ ಒಪ್ಪಿದ್ದಾರೆ.

ಆಗಸ್ಟ್ 6, ಬುಧವಾರ

ನಡೆದುದನ್ನು ನಡೆದಂತೆಯೇ ಬರೆದಿಡುತ್ತೇನೆ.

ಪಂಪಿನ ಮೋಟರು ಸುಟ್ಟು ವಾರವಾಯಿತು. ಹೊರಗೆ ಮಳೆ ಸುರಿಯುತ್ತಿದೆ, ಒಳಗೆ ನಲ್ಲಿಗಳು ಒಣಗಿವೆ. ಹಿತ್ತಿಲಿನ ಒಂದೇ ನಲ್ಲಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಬರುತ್ತದೆ. ಇಂದು ನಸುಕಿನಲ್ಲಿ ನನ್ನ ನೀಲಿ ಬಕೆಟ್ ಹಿಡಿದು ಹೋದರೆ ಬಾವಿಕಟ್ಟೆಯಿಂದ ನಲ್ಲಿಯವರೆಗೆ ಬಕೆಟ್ಟುಗಳ ಸಾಲು. ಒಂದು ನರಪಿಳ್ಳೆಯೂ ಇಲ್ಲ. ಬಕೆಟ್ಟನ್ನಿಟ್ಟು ಹುಡುಗಿಯರು ಮಲಗಲು ಹೋಗಿದ್ದರು!

ಸರದಿ ಎಂಬುದು ನಿಂತವರದು. ಶಾಲೆಯಲ್ಲಿ ಚೀಲವನ್ನು ಸಾಲಿನಲ್ಲಿಟ್ಟು ಆಡಲು ಹೋದ ಮಗುವಿನ ಚೀಲವನ್ನು ನಾನು ಬದಿಗೆ ಸರಿಸುತ್ತಿದ್ದೆ. ಅದೇ ನ್ಯಾಯವನ್ನು ಇಲ್ಲಿಯೂ ಪಾಲಿಸಿದೆ. ಖಾಲಿ ಬಕೆಟ್ಟುಗಳನ್ನೆಲ್ಲ ಗೋಡೆಯ ಬದಿಗೆ ಅಚ್ಚುಕಟ್ಟಾಗಿ ಜೋಡಿಸಿ, ನಲ್ಲಿಯ ಮುಂದೆ ಮೊದಲಿಗಳಾಗಿ ನಿಂತೆ. ನೀರು ಬಂತು. ತುಂಬಿಸಿಕೊಂಡೆ.

ಆಮೇಲೆ ಹುಡುಗಿಯರು ಬಂದರು. ಯಾರ ಬಕೆಟ್ ಯಾರ ಹಿಂದೆ ಇತ್ತೆಂದು ಯಾರಿಗೂ ತಿಳಿಯದೆ ಜಗಳವಾಯಿತು, ಜಗಳದಲ್ಲಿಯೇ ನೀರು ನಿಂತುಹೋಯಿತು. ಸಾಲಿನಲ್ಲಿ ಮೊದಲು ಇಟ್ಟಿದ್ದವಳು ಪಕ್ಕದ ಕೊಠಡಿಯ ಜಿನ್ಸಿ. ಕೋಟ್ಟಯಂ ಕಡೆಯವಳು, ರಸಾಯನಶಾಸ್ತ್ರ ಓದುತ್ತಾಳೆ. ಇಂದು ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆಯಿತ್ತಂತೆ. ನೀರಿಗಾಗಿ ಇನ್ನೊಂದು ಹಾಸ್ಟೆಲಿಗೆ ಓಡಿ, ಪರೀಕ್ಷೆಗೆ ತಲುಪುವಾಗ ಅರ್ಧ ಹೊತ್ತು ಕಳೆದಿತ್ತಂತೆ.

ಮಧ್ಯಾಹ್ನ ಊಟದ ಹಾಲಿನಲ್ಲಿ ಎಲ್ಲರ ಮುಂದೆ ಮಲಯಾಳದಲ್ಲಿ ಕೇಳಿದಳು: "ಟೀಚರೇ, ಇದ್ ಸ್ಕೂಲಲ್ಲ. ಇಲ್ಲಿ ಬಕೆಟ್ ಇದ್ದರೆ ಆಳು ಇದ್ದ ಹಾಗೆ. ಹಿಂದಿನವಳು ಅದನ್ನು ಕಾಲಿನಿಂದ ಮುಂದೆ ತಳ್ಳುತ್ತಾಳೆ, ಸರದಿ ಬಂದಾಗ ಮೇಲೆ ಬಂದು ಕರೆಯುತ್ತಾಳೆ. ನಮ್ಮ ಸೀನಿಯರ್‌ಗಳ ಕಾಲದಿಂದ ಹೀಗೆಯೇ. ನಿಮಗೆ ಯಾರೂ ಹೇಳಲಿಲ್ಲವೇ?"

"ಖಾಲಿ ಬಕೆಟ್ಟು ಮನುಷ್ಯಳಿಗೆ ಸಮವಲ್ಲ" ಎಂದೆ.

"ಕೆಲವು ಮನುಷ್ಯರಿಗಿಂತ ಮೇಲು" ಎಂದು ತಟ್ಟೆ ಎತ್ತಿಕೊಂಡು ಹೋದಳು.

ನ್ಯಾಯ ನನ್ನ ಕಡೆಗಿದೆ. ಆದರೂ ಪುಸ್ತಕದ ಒಂದು ಪುಟವೂ ತಲೆಗೆ ಹತ್ತಲಿಲ್ಲ.

ಆಗಸ್ಟ್ 9, ಶನಿವಾರ

ನಾನು ಕುಳಿತ ಮೇಜಿನಿಂದ ಮಾತು ಎದ್ದುಹೋಗುತ್ತದೆ. ನಾನು ಎದ್ದೊಡನೆ ಮರಳಿ ಬರುತ್ತದೆ. ಶಿಸ್ತಿನ ಮೌನವನ್ನು ಜೀವನವಿಡೀ ಬಯಸಿದವಳಿಗೆ ಇದಕ್ಕಿಂತ ಹೆಚ್ಚೇನು ಬೇಕು? ದಿಶಾ ಈಗ ಓದುವುದೂ ನಗುವುದೂ ಜಿನ್ಸಿಯ ಕೊಠಡಿಯಲ್ಲಿ. ನಡುವೆ ಒಂದೇ ಗೋಡೆ. ನಗು ಕೇಳಿಸುತ್ತದೆ, ಅದರ ಕಾರಣ ಕೇಳಿಸುವುದಿಲ್ಲ.

ಆಗಸ್ಟ್ 21, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಹಲವು ಸಲ ನಡೆದೆ.

ಆಗಸ್ಟ್ 29, ಶುಕ್ರವಾರ

ಇಂದು ಹಾಸ್ಟೆಲಿನ ಓಣಂ ಆಚರಣೆ, ನಾಳೆಯಿಂದ ರಜೆ. ಕೆಳಗೆ ಅಂಗಳದಲ್ಲಿ ಹೂವಿನ ರಂಗೋಲಿ ಹಾಕುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಟಿಪ್ಪಣಿ ಬರೆಯುತ್ತಿದ್ದಾಗ ದಿಶಾ ಸೀರೆಯ ಒಂದು ತುದಿಯನ್ನು ಕೈಯಲ್ಲಿ, ಇನ್ನೊಂದನ್ನು ನೆಲದಲ್ಲಿ ಎಳೆದುಕೊಂಡು ಒಳಗೆ ಬಂದಳು.

"ಟೀಚರ್, ಕೋಪ ಮಾಡ್ಬೇಡಿ. ಇದು ನಿಲ್ಲುದೇ ಇಲ್ಲ ಮಾರಾಯ್ರೆ. ವಿಡಿಯೋ ನೋಡಿ ಉಟ್ಟದ್ದು. ವಿಡಿಯೋದಲ್ಲಿ ನಿಂತಿತ್ತು."

ಜರಿಯಂಚಿನ ಕೇರಳ ಸೀರೆ. ಗಂಜಿ ಹಾಕಿದ ಹತ್ತಿಯ ನೆರಿಗೆ ನಿಲ್ಲಿಸುವುದು ನನಗೆ ಉಸಿರಾಡಿದಷ್ಟು ಸುಲಭ. ದಿನವೂ ಶಾಲೆಗೆ ಹಾಗೆಯೇ ಉಟ್ಟು ಹೋದವಳು. ನೆರಿಗೆ ಹಿಡಿದು, ಹೊಕ್ಕುಳಿನ ಬಳಿ ಸಿಕ್ಕಿಸಿ, ಸೆರಗನ್ನು ಭುಜದಲ್ಲಿ ಮಡಿಚಿ ಪಿನ್ನು ಚುಚ್ಚಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮತ್ತೊಬ್ಬಳು. ಅವಳ ಹಿಂದೆ ಇಬ್ಬರು. ನೋಡುನೋಡುತ್ತಿದ್ದಂತೆ ನನ್ನ ಬಾಗಿಲಿನಿಂದ ಮೆಟ್ಟಿಲಿನವರೆಗೆ ಹುಡುಗಿಯರ ಸಾಲು.

"ಆಳೇ ನಿಲ್ಲಬೇಕು" ಎಂದೆ ನಾನು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ. "ಸೀರೆಯನ್ನು ಸಾಲಿನಲ್ಲಿಟ್ಟು ಹೋದವರ ಸೀರೆಯನ್ನು ಬದಿಗೆ ಸರಿಸುತ್ತೇನೆ."

ಮೆಟ್ಟಿಲಿನ ಕಡೆಯಿಂದ ನಗು ಹೊರಟು ಸಾಲಿನುದ್ದಕ್ಕೂ ಬಂತು.

ಕೊನೆಗೆ ಬಂದವಳು ಜಿನ್ಸಿ. ಬರಲು ಮನಸ್ಸಿರಲಿಲ್ಲವೆಂಬುದು ಅವಳ ಮುಖದಲ್ಲಿಯೇ ಇತ್ತು. ಆದರೆ ಅವಳ ನೆರಿಗೆಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹೋಗಿದ್ದವು. ಗೋಡೆ ನೋಡುತ್ತ ನಿಂತಳು. ನೆರಿಗೆಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಉಡಿಸಿದೆ. ಮುಗಿದ ಮೇಲೆ ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡು, "ಸೀರೆ ಚೆನ್ನಾಗಿದೆ. ಬಕೆಟ್ಟಿನ ವಿಷಯ ಮರೆತಿಲ್ಲ" ಎಂದಳು.

"ಮರೆಯಬೇಕೆಂದು ನಾನು ಹೇಳಿಲ್ಲ. ನೇರ ನಿಲ್ಲು, ಸೆರಗು ಜಾರುತ್ತದೆ."

ಎಲೆಯೂಟಕ್ಕೆ ನನಗೆ ಇಬ್ಬರ ನಡುವೆ ಜಾಗ ಬಿಟ್ಟಿದ್ದರು. ಪಾಯಸಕ್ಕೆ ಬೆಲ್ಲ ಹೆಚ್ಚಾಗಿತ್ತು.

ಸೆಪ್ಟೆಂಬರ್ 18, ಗುರುವಾರ

ರಿಪೇರಿಯಾದ ಮೋಟರು ಪುನಃ ಸುಟ್ಟಿದೆ. ವಿನಂತಿ ಮಾಡಿ ಫಲವಿಲ್ಲವೆಂದು, ನಾನೂ ಹಾಸ್ಟೆಲ್ ಪ್ರತಿನಿಧಿಯಾದ ಜಿನ್ಸಿಯೂ ನಗರದಲ್ಲಿರುವ ವಿಶ್ವವಿದ್ಯಾನಿಲಯದ ಕಚೇರಿಗೇ ಹೋದೆವು. ಬಸ್ಸಿನಲ್ಲಿ ಆಕೆ ಒಂದು ಸೀಟಿನಲ್ಲಿ, ನಾನು ಇನ್ನೊಂದರಲ್ಲಿ.

ಗುಮಾಸ್ತನಿಗೆ ನಾನು ಮಲಯಾಳದಲ್ಲಿಯೇ ವಿವರಿಸಿದೆ. ಕೇರಳದಲ್ಲಿಯೇ ಹುಟ್ಟಿ ಬೆಳೆದವಳು ನಾನು. ಆದರೆ ನನ್ನದು ಕಾಸರಗೋಡಿನ ಮಲಯಾಳ. ಆತ ಪಕ್ಕದವನ ಕಡೆ ತಿರುಗಿ ನಕ್ಕ. "ಅಮ್ಮ ಯಾವ ದೇಶದವರು? ಇದಕ್ಕೊಬ್ಬ ದುಭಾಷಿ ಬೇಕಲ್ಲ!" ಪಕ್ಕದವನೂ ನಕ್ಕ. ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ತರಗತಿಯಲ್ಲಿ ಒಂದು ದಿನವೂ ಹಾಗೆ ಸರಿದವಳಲ್ಲ.

ಜಿನ್ಸಿ ಮುಂದೆ ಬಂದು ಮೇಜಿನ ಮೇಲೆ ಎರಡೂ ಕೈಯೂರಿದಳು. "ಚಿರಿಕ್ಕಾನ್ ಒನ್ನುಮಿಲ್ಲ ಸಾರೇ. ನಗುವಂಥದ್ದೇನೂ ಇಲ್ಲಿಲ್ಲ. ನೀರಿಲ್ಲ ಅಂದರು ಇವರು. ಕಾಸರಗೋಡಿನಲ್ಲಿ ಹೇಳಿದರೂ ಕೋಟ್ಟಯಂನಲ್ಲಿ ಹೇಳಿದರೂ ನೀರಿಲ್ಲ ಅಂದರೆ ನೀರಿಲ್ಲ. ನಿಮಗೆ ಯಾವ ಊರಿನದು ಬೇಕು?"

ಮುಂದಿನ ವಾರ ಜನ ಕಳಿಸುವುದಾಗಿ ಆತ ಹೇಳಿದ. ಕಳಿಸುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು.

ತಂಪಾನೂರಿನ ನಿಲ್ದಾಣದಲ್ಲಿ ಬಸ್ಸಿಗೆ ಹೊತ್ತಿತ್ತು, ಚಹಾ ಕುಡಿದೆವು. ಬಾಳೆಹಣ್ಣನ್ನು ಹಿಟ್ಟಿನಲ್ಲದ್ದಿ ಕರಿದ ಪಳಂಪೊರಿಯನ್ನು ಮುರಿದು ಅರ್ಧ ನನ್ನ ಕೈಗಿಟ್ಟು ಜಿನ್ಸಿ ಕೇಳಿದಳು: "ಈ ವಯಸ್ಸಿನಲ್ಲಿ ಇಷ್ಟೆಲ್ಲ ಯಾತಕ್ಕೆ ವಿಜಯೇಚ್ಚೀ? ಮನೆಯಲ್ಲಿ ಕಷ್ಟವೇ?"

ನನ್ನ ಹೆಸರಿಗೆ ಚೇಚ್ಚಿ ಸೇರಿಸಿ ಅಕ್ಕನನ್ನು ಕರೆಯುವಂತೆ ಕರೆದಳಲ್ಲ! "ಚೇಚ್ಚಿ ಎಂಥದು? ನಿನ್ನ ಅಜ್ಜಿಯ ವಯಸ್ಸು ನನ್ನದು. ಟೀಚರ್ ಎಂದು ಕರೆ" ಎಂದೆ.

"ಅಜ್ಜಿಯರಿಗೆ ಹಾಸ್ಟೆಲಿನಲ್ಲಿ ರೂಮು ಕೊಡುವುದಿಲ್ಲ. ಟೀಚರ್‌ಗಳಿಗೂ ಕೊಡುವುದಿಲ್ಲ. ಚೇಚ್ಚಿ ಆಗದಿದ್ದರೆ ನೀವು ಇಲ್ಲಿ ಇರುವ ಹಾಗೆಯೇ ಇಲ್ಲ."

ತರ್ಕ ಸರಿಯಾಗಿರಲಿಲ್ಲ. ಎಲ್ಲಿ ತಪ್ಪಿತೆಂದು ಹುಡುಕುವಷ್ಟರಲ್ಲಿ ಬಸ್ಸು ಬಂತು. ಕಾರಣ ಕೇಳಿದ್ದಳಲ್ಲ, ಇಪ್ಪತ್ತರ ಪ್ರಾಯದಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಆಸೆ ಇತ್ತು, ಕಳಿಸಲಿಲ್ಲ ಎಂದು ದಾರಿಯಲ್ಲಿ ಹೇಳಿದೆ. ಇದನ್ನು ಭವಾನಿಗೂ ಹೇಳಿದವಳಲ್ಲ. ಬಸ್ಸಿನಲ್ಲಿ ಒಂದೇ ಸೀಟಿತ್ತು, ಇಬ್ಬರಿಗೂ ಸಾಲುವಷ್ಟು.

ಅಕ್ಟೋಬರ್ 14, ಮಂಗಳವಾರ

ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂತು. ತರಗತಿಯಲ್ಲಿ ನನ್ನದೇ ಕನಿಷ್ಠ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಅಧ್ಯಾಪಕ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ: "ಪಾಠ ಚೆನ್ನಾಗಿ ಮಾಡಿದ್ದೀರಿ. ಪ್ರಶ್ನೆಗೆ ಉತ್ತರ ಬರೆದಿಲ್ಲ."

ಮತ್ತೆ ಓದಿದೆ. ಅವನು ಬರೆದುದು ನಿಜ. ಕೇಳಿದ್ದು ಕಾರಣ, ನಾನು ಪೀಠಿಕೆ, ಹಿನ್ನೆಲೆ, ಸಾರಾಂಶ ಎಂದು ಹತ್ತನೆಯ ತರಗತಿಗೆ ಬಿಡಿಸಿ ಹೇಳುವಂತೆ ಬರೆದು ಕೂತಿದ್ದೇನೆ. ಕಲಿಸುವುದೊಂದನ್ನೇ ಬಲ್ಲವಳು ಕಲಿಯಲು ಬಂದದ್ದೇ ಅಧಿಕಪ್ರಸಂಗ.

ಯಾರಿಗೂ ಹೇಳಲಿಲ್ಲ. ಉಣ್ಣಲಿಲ್ಲ.

ಅಕ್ಟೋಬರ್ 16, ಗುರುವಾರ

ಟ್ರಂಕು ಕಟ್ಟಿದ್ದೇನೆ. ಪುಸ್ತಕಗಳೂ ಅದರಲ್ಲಿಯೇ ಹಿಡಿದವು. ಬಕೆಟ್ ಹಿಡಿಯಲಿಲ್ಲ, ಮಂಚದ ಅಡಿಯಲ್ಲಿ ಬಿಟ್ಟಿದ್ದೇನೆ.

"ಎಂತ ಟೀಚರ್, ದೀಪಾವಳಿಗೆ ಇಷ್ಟು ದೊಡ್ಡ ಟ್ರಂಕಾ? ಪಟಾಕಿ ತುಂಬಿಸಿದ್ದಾ?" ದಿಶಾ ಕೇಳಿದಳು. ಹಬ್ಬಕ್ಕೆ ಹೋಗುತ್ತಿದ್ದೇನೆ ಎಂದಷ್ಟೇ ಹೇಳಿದೆ. ಆಕೆ ಟ್ರಂಕನ್ನೂ ಖಾಲಿ ಕಪಾಟನ್ನೂ ನೋಡಿದಳು. ಜಿನ್ಸಿ ಗೇಟಿನವರೆಗೆ ಟ್ರಂಕು ಹೊತ್ತು ಬಂದು, "ಮೆಸ್ಸಿನಲ್ಲಿ ಎಷ್ಟು ದಿನದ ಕಟ್ ಹಾಕಿಸಲಿ?" ಎಂದಳು. ಬರದವರ ಊಟವನ್ನು ಮೊದಲೇ ಕಡಿತಗೊಳಿಸುವ ಪದ್ಧತಿಯಿದೆ ಇಲ್ಲಿ. ನಾನು ಮಾತು ಬದಲಿಸಿದೆ.

ಅಕ್ಟೋಬರ್ 19, ಭಾನುವಾರ. ಎಡಪ್ಪಳ್ಳಿ, ಕೊಚ್ಚಿ

ಭವಾನಿಯ ಫ್ಲ್ಯಾಟಿನಲ್ಲಿ ನನ್ನ ಕೊಠಡಿ ವಿಶಾಲವಾಗಿದೆ. ಒಳಗೇ ಬಚ್ಚಲು, ಗೀಸರು, ತಿರುಗಿಸಿದರೆ ನೀರು. ಕಿಟಕಿ ಮುಚ್ಚಿದರೆ ಕೂಡುರಸ್ತೆಯ ಸದ್ದೂ ಇಲ್ಲ, ಶಾಪಿಂಗ್ ಮಾಲಿನ ಬೆಳಕೂ ಇಲ್ಲ. ಗೋಡೆಯಾಚೆ ಯಾರೂ ನಗುವುದಿಲ್ಲ. ಇಷ್ಟು ನೆಮ್ಮದಿಯಲ್ಲಿ ಮನುಷ್ಯರು ಓದುವುದಾದರೂ ಹೇಗೆ?

ಇಂದು ನೀರು ತುಂಬುವ ಹಬ್ಬ. ಇಲ್ಲಿನ ಬಚ್ಚಲಿನ ಬಕೆಟ್ಟನ್ನು ತೊಳೆದು ಹೂವು ಸುತ್ತಿ ತುಂಬಿಸಿಟ್ಟೆ. ಭವಾನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಬ್ಬದ ನೀರು ಸರಿ ಅಮ್ಮ. ನಿನ್ನೆ ಯಾಕೆ ತುಂಬಿಸಿದ್ದು? ಮೊನ್ನೆ? ಬೆಳಗ್ಗೆ ಎದ್ದ ಕೂಡ್ಲೇ ಬಕೆಟ್ಟಿನ ಶಬ್ದ. ಪ್ರಥಮ್ ಹೆದರಿ ಏಳ್ತಾನೆ."

ಮೊಮ್ಮಗ ಪ್ರಥಮನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಅಮ್ಮಮ್ಮಕ್ಕ್ ಬೋರಡಿಚ್ಚಿಟ್ಟಾ" ಎಂದ. ಅಜ್ಜಿಗೆ ಬೇಸರವಂತೆ, ಅದಕ್ಕಂತೆ. ಮಕ್ಕಳು ಏನಾದರೂ ಹೇಳುತ್ತಾರೆ.

ಸಂಜೆ ದಿಶಾಳ ಫೋನು. "ಟೀಚರ್, ಇವತ್ತು ನೀರು ತುಂಬುವ ಹಬ್ಬ ಅಲ್ವಾ? ಇಲ್ಲಿ ದಿನಾ ಅದೇ ಹಬ್ಬ." ನಕ್ಕಳು. ನಾನೂ ನಕ್ಕೆನಂತೆ, ಭವಾನಿ ಅಡುಗೆಮನೆಯಿಂದ ಇಣುಕಿ ನೋಡಿದಳು. "ಮತ್ತೆ ಟೀಚರ್, ನಿಮ್ಮ ಟೈಂಟೇಬಲ್ ಗಾಳಿಗೆ ಕೆಳಗೆ ಬಿತ್ತು. ಬಿಡುದಾ, ಪುನಃ ಅಂಟಿಸುದಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅಂಟಿಸು" ಎಂದೆ. ಗೋಡೆ ಬೋಳಾಗಿರುವುದು ಚೆನ್ನಲ್ಲ.

ಅಕ್ಟೋಬರ್ 22, ಬುಧವಾರ. ಎಡಪ್ಪಳ್ಳಿ

ದೀಪಾವಳಿ ಮುಗಿಯಿತು. ಒಪ್ಪಂದದಂತೆ, ಓದು ನಿಲ್ಲಿಸುವ ವಿಷಯವನ್ನು ಇಂದು ಭವಾನಿಗೆ ಹೇಳಬೇಕಿತ್ತು. ಹೇಳಲು ಕುಳಿತಾಗ ವಾರ್ಡನ್ ಲತಿಕಾ ಅವರ ಕರೆ: ಹೊಸ ಬ್ಲಾಕಿನಲ್ಲಿ ಒಂಟಿ ಕೊಠಡಿ ಖಾಲಿಯಾಗಿದೆ, ಶುಕ್ರವಾರ ಬಂದು ಕೀಲಿಕೈ ತೆಗೆದುಕೊಳ್ಳಬಹುದು, ಅಲ್ಲಿ ನೀರಿಗೂ ತೊಂದರೆಯಿಲ್ಲ.

ಜುಲೈಯಿಂದ ಕೇಳುತ್ತಿದ್ದ ಕೊಠಡಿ. ಇನ್ನು ಹೋಗದಿದ್ದರೆ ಕೇಳಿದವಳ ಮಾತಿಗೆ ಬೆಲೆಯೇನು? ಕೇವಲ ಆ ಕಾರಣಕ್ಕೆ ಹೋಗುತ್ತಿದ್ದೇನೆ ಎಂದು ಭವಾನಿಗೆ ವಿವರಿಸಿದೆ.

"ಸರಿಯಮ್ಮ" ಎಂದಳು. ಅವಳಿಗೆ ನಗಲು ಅದರಲ್ಲಿ ಏನಿತ್ತೋ ತಿಳಿಯದು. ಟ್ರಂಕನ್ನು ನಾನು ಬಂದ ದಿನದಿಂದ ಬಿಚ್ಚಿಯೇ ಇರಲಿಲ್ಲವೆಂದು ಆಕೆಯೇ ತೋರಿಸಿದಳು.

ಅಕ್ಟೋಬರ್ 24, ಶುಕ್ರವಾರ. ತಿರುವನಂತಪುರ

ನಸುಕಿಗೆ ತಂಪಾನೂರಿನಲ್ಲಿ ರೈಲಿಳಿದು ಮೊದಲ ಬಸ್ಸು ಹಿಡಿದೆ. ಬೆಳಗಿನ ತರಗತಿ ತಪ್ಪಬಾರದು. ತುಂಬಾ ಎಂಬ ಕಡಲೂರಿನ ಕಡೆಯಿಂದ ಸಮುದ್ರದ ಗಾಳಿ ಬೀಸುತ್ತಿತ್ತು. ಗೇಟಿನಲ್ಲಿ ಕಾವಲಿನ ಹೆಂಗಸು ಚೀಟಿ ಕೇಳಲಿಲ್ಲ.

ಟ್ರಂಕನ್ನು ಮೆಟ್ಟಿಲಿನ ಬುಡದಲ್ಲಿಟ್ಟು, ಮುಖ ತೊಳೆಯೋಣವೆಂದು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯಿಂದ ನಲ್ಲಿಯವರೆಗೆ ಸಾಲು. ಕೊನೆಯಲ್ಲಿ ಸ್ವೆಟರು ತೊಟ್ಟ ಒಬ್ಬಳೇ ಒಬ್ಬಳು ಹುಡುಗಿ. ಗುಲಾಬಿ ಬಣ್ಣದ್ದು ಜಿನ್ಸಿಯದು, ಹಿಡಿ ಮುರಿದದ್ದು ದಿಶಾಳದು. ಅವೆರಡರ ನಡುವೆ ನನ್ನ ನೀಲಿ ಬಕೆಟ್.

ಮಂಚದ ಅಡಿಯಲ್ಲಿ ಬಿಟ್ಟುಹೋದದ್ದು. ನಾನು ಬರುತ್ತೇನೆಂದು ಯಾರಿಗೂ ತಿಳಿಸಿರಲಿಲ್ಲ. ಅದರ ತಳದಲ್ಲಿ ನಿನ್ನೆಯ ನೀರು ಒಂದಿಷ್ಟು ಉಳಿದಿತ್ತು; ದಿನವೂ ಸಾಲಿಗೆ ಬಂದು, ತುಂಬಿ, ಯಾರ ತಲೆಸ್ನಾನಕ್ಕೋ ಮುಗಿದಿರಬೇಕು. ನನ್ನದೇ ಹೌದೇ ಎಂದು ಬಗ್ಗಿ ಹಿಡಿಗೆ ಕೈಹಾಕಿದೆ.

"ಅಯ್ಯೋ, ಅಮ್ಮಾ!" ಸ್ವೆಟರಿನ ಹುಡುಗಿ ಕೂಗಿದಳು. ಕಳೆದ ವಾರ ಸೇರಿದವಳಿರಬೇಕು, ನನ್ನನ್ನು ಕಂಡವಳಲ್ಲ. "ಅದನ್ನು ಸರಿಸಬೇಡಿ. ಇಲ್ಲಿ ಹಾಗೆಲ್ಲ ಸರಿಸಬಾರದು. ಅದಕ್ಕೆ ಆಳಿದೆ."

ಕೈ ಹಿಂದಕ್ಕೆ ತೆಗೆದುಕೊಂಡೆ. "ತಪ್ಪಾಯಿತು" ಎಂದೆ.

ಇದನ್ನು ಕೊಠಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ವೇಳಾಪಟ್ಟಿ ಗೋಡೆಯ ಮೇಲೆ ಸೊಟ್ಟಗೆ ಅಂಟಿದೆ. ಅದರ ಕೆಳಗೆ ದಿಶಾ, ಟವೆಲು ಎಲೆಗಳ ನಡುವೆ, ವೇಳಾಪಟ್ಟಿಗೆ ವಿರುದ್ಧವಾಗಿ ನಿದ್ರಿಸುತ್ತಿದ್ದಾಳೆ. ಕಚೇರಿ ತೆರೆದೊಡನೆ ಹೋಗಿ ಒಂಟಿ ಕೊಠಡಿ ಬೇಡವೆಂದು ಹೇಳಬೇಕು. ಹೊಸ ಬ್ಲಾಕಿಗೆ ಪಶ್ಚಿಮದ ಬಿಸಿಲು ನೇರವಾಗಿ ಬೀಳುತ್ತದೆಂದು ಕೇಳಿದ್ದೇನೆ. ಓದುವವರಿಗೆ ಅದು ಒಳ್ಳೆಯದಲ್ಲ.

ನೀರು ಬರಲು ಇನ್ನೂ ಹೊತ್ತಿದೆ. ರೈಲಿನಲ್ಲಿ ಕಣ್ಣು ಮುಚ್ಚಿರಲಿಲ್ಲ, ಒಂದು ಗಳಿಗೆ ಮಲಗುತ್ತೇನೆ. ಬಕೆಟ್ ಕೆಳಗೆ ಸಾಲಿನಲ್ಲಿದೆ. ಸರದಿ ಬಂದಾಗ ಯಾರಾದರೂ ಬಂದು ಕರೆಯುತ್ತಾರೆ.